ಕಿವಿ ಆಪರೇಷನ್‌ಗೆ ಮುಂಚೆ, ಆಮೇಲೆ: ಒಳಗಿವಿಯ ಲೆಕ್ಕ ಇಟ್ಟುಕೊಳ್ಳುವುದು ಹೇಗೆ

ಕಿವಿ ಆಪರೇಷನ್‌ಗೆ ದಿನ ಗೊತ್ತಾಗಿದೆ ಅಂದರೆ ನಿಮ್ಮ ಕೈಯಲ್ಲಿ ಚೌಕಳಿ ಎಳೆದ ಒಂದು ಹಾಳೆ ಇರಬೇಕು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಗುಣಿಸು ಗುರುತು, ಅವನ್ನು ಸೇರಿಸುವ ಗೆರೆ. ಇದೇ ಆಡಿಯೋಗ್ರಾಮ್, ಕಿವಿಗೆ ಎಷ್ಟು ಕೇಳಿಸುತ್ತದೆ ಅಂತ ಪರೀಕ್ಷೆ ಮಾಡಿ ಬರೆಯುವ ಹಾಳೆ. ಕೋಲಾರದಲ್ಲಿ ಕೂತು ದಿನಾ ಇಂಥ ಹಾಳೆ ಬರೆಯುವುದು ನನ್ನ ಕೆಲಸ. ಬಂದವರಲ್ಲಿ ಬಹಳ ಜನ ಸೊನ್ನೆ ಎಲ್ಲಿದೆ, ಗುಣಿಸು ಎಲ್ಲಿದೆ ಅಂತಷ್ಟೇ ನೋಡಿ ಹಾಳೆ ಮಡಚುತ್ತಾರೆ. ಅವುಗಳ ಮೇಲ್ಗಡೆ ಬಾಣದ ತುದಿಯ ಹಾಗೆ, ಇಲ್ಲವೇ ಚೌಕ ಕಂಸದ ಹಾಗೆ ಸಣ್ಣ ಗುರುತುಗಳ ಇನ್ನೊಂದು ಸಾಲು ಇರುತ್ತದೆ. ನಾನು ಅದಕ್ಕೆ ಮೂಳೆಯ ಗೆರೆ ಅನ್ನುತ್ತೇನೆ. ಒಳಗಿವಿಯ ಲೆಕ್ಕ ಇರುವುದು ಅಲ್ಲಿ.

ಕಿವಿಯ ತಮಟೆಗೆ ತೇಪೆ ಹಾಕುವುದು, ಕಿವಿ ಹಿಂದಿನ ಮಾಸ್ಟಾಯ್ಡ್ ಮೂಳೆ ಕೊರೆದು ಕೊಳೆತ ಭಾಗ ತೆಗೆಯುವುದು, ಗಟ್ಟಿಯಾಗಿ ಕೂತ ಸ್ಟೇಪಿಸ್ ಮೂಳೆಯ ಜಾಗಕ್ಕೆ ಪುಟ್ಟ ಪಿಸ್ಟನ್ ಕೂರಿಸುವುದು, ಈ ಮೂರೂ ನಡುಗಿವಿಯ ಕೆಲಸ. ಒಳಗಿವಿಯನ್ನು ಯಾರೂ ಬೇಕೆಂದು ಮುಟ್ಟುವುದಿಲ್ಲ. ಆದರೆ ಅದು ಗೋಡೆಯ ಆಚೆಗೇ ಇದೆ. ಸ್ಟೇಪಿಸ್ ಅನ್ನುವುದು ಮೈಯಲ್ಲೇ ಅತಿ ಚಿಕ್ಕ ಮೂಳೆ, ಎತ್ತರ ಸುಮಾರು 3 ಮಿಲಿಮೀಟರ್. ಅದರ ಪಾದ ಒಳಗಿವಿಯ ಕಿಟಕಿಯಲ್ಲೇ ಕೂತಿರುತ್ತದೆ. ತಮಟೆಯಿಂದ ಸ್ಟೇಪಿಸ್‌ವರೆಗೆ ಮೂರು ಪುಟ್ಟ ಮೂಳೆಗಳ ಸರಪಳಿ ಇದೆ. ಕೊರೆಯುವ ಡ್ರಿಲ್ ಅದಕ್ಕೆ ತಗುಲಿದರೂ ಸಾಕು, ಅದುರು ನೇರ ಒಳಕ್ಕೆ ಹೋಗುತ್ತದೆ. ಶಂಖದ ಸುರುಳಿಯಂಥ ಕಾಕ್ಲಿಯಾದಲ್ಲಿ ಶಬ್ದ ಹಿಡಿಯುವ ಕೂದಲು ಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಹೆದರಬೇಕಿಲ್ಲ, ಸ್ಟೇಪಿಸ್ ಆಪರೇಷನ್‌ನಲ್ಲಿ ಒಳಗಿವಿ ಪೂರ್ತಿ ಕೈಕೊಡುವುದು ನೂರರಲ್ಲಿ ಒಬ್ಬರಿಗೆ ಅನ್ನುವ ಲೆಕ್ಕದಲ್ಲೇ ವೈದ್ಯರು ಹೇಳುತ್ತಾರೆ. ಆದರೂ ಮುಂಚೆ ಎಷ್ಟಿತ್ತು ಅಂತ ಬರೆದಿಟ್ಟಿರದಿದ್ದರೆ ಆಮೇಲೆ ಎಷ್ಟು ಹೋಯಿತು ಅಂತ ಯಾರೂ ಹೇಳಲಾರರು.

ಪರೀಕ್ಷೆಗೆ ಬರುವ ಮುಂಚೆ

ಹಿಂದಿನ ದಿನ ಕಿವಿಗೆ ವಿಶ್ರಾಂತಿ ಕೊಡಿ. ಕನಿಷ್ಠ 14-16 ಗಂಟೆ ಜೋರು ಸದ್ದಿನಿಂದ ದೂರ ಇರಬೇಕು. ಕಲ್ಲು ಕ್ರಷರ್‌ನಲ್ಲಿ ಕೆಲಸ ಮಾಡಿ ನೇರ ಬಂದವರ, ಶಿಡ್ಲಘಟ್ಟದ ಕಡೆ ರೇಷ್ಮೆ ಹುರಿ ಮಷಿನ್ ಮಧ್ಯೆ ರಾತ್ರಿ ಪಾಳಿ ಮುಗಿಸಿ ಬಂದವರ, ಗಣೇಶನ ಮೆರವಣಿಗೆಯಲ್ಲಿ ಡಿಜೆ ಮುಂದೆ ಕುಣಿದು ಬಂದವರ ಕಿವಿ ಆ ಹೊತ್ತಿಗೆ ಮಂಕಾಗಿರುತ್ತದೆ. ಒಂದೆರಡು ದಿನದಲ್ಲಿ ಅದು ಸರಿಹೋಗಬಹುದು, ಹಾಳೆಯಲ್ಲಿ ಮಾತ್ರ ಮಂಕು ಹಾಗೇ ಉಳಿಯುತ್ತದೆ. ಆಪರೇಷನ್ ಆದಮೇಲೆ ಹೋಲಿಸಿ ನೋಡಿದಾಗ ಲೆಕ್ಕ ತಪ್ಪುವುದು ಇಲ್ಲಿಂದಲೇ.

ಗುಗ್ಗೆ ಇದ್ದರೆ ತೆಗೆಸಿಕೊಂಡು ಬನ್ನಿ, ಪಿನ್ನು ಕಡ್ಡಿ ಹಾಕಬೇಡಿ. ಹಳೆಯ ಔಷಧಿ ಚೀಟಿಗಳನ್ನೂ ತನ್ನಿ. ಕ್ಷಯಕ್ಕೆ ಸ್ಟ್ರೆಪ್ಟೋಮೈಸಿನ್ ಅಥವಾ ಕಾನಾಮೈಸಿನ್ ಚುಚ್ಚಿಸಿಕೊಂಡಿದ್ದರೆ, ತೂತಿರುವ ಕಿವಿಗೆ ಜೆಂಟಾಮೈಸಿನ್ ಹನಿ ಬಹಳ ದಿನ ಹಾಕಿದ್ದರೆ, ಚಿಕ್ಕಂದಿನಲ್ಲಿ ಮಂಗನಬಾವು ಆಗಿದ್ದರೆ ಬಾಯಿಬಿಟ್ಟು ಹೇಳಿ. ಇವೆಲ್ಲ ಒಳಗಿವಿಯ ಮೇಲೆ ಕೈ ಇಡುವಂಥವು. ಮಂಗನಬಾವು ಯಾಕೆ ಕೇಳುತ್ತಾರೆ ಅನ್ನುವುದು ಮುಂದೆ ತಿಳಿಯುತ್ತದೆ.

ಕೋಣೆಯೊಳಗೆ: ಗಾಳಿಯ ಗೆರೆ, ಮೂಳೆಯ ಗೆರೆ

ಮೊದಲು ಹೆಡ್‌ಫೋನ್, ಗಾಳಿಯ ಗೆರೆ ಬರುವುದು ಇದರಿಂದ. 250 ಹರ್ಟ್ಸ್‌ನ ಗುಂಯ್ ಸದ್ದಿನಿಂದ 8000 ಹರ್ಟ್ಸ್‌ನ ಕೀಚಲಿನವರೆಗೆ ಒಂದೊಂದೇ ಶ್ರುತಿ ಕೇಳಿಸುತ್ತೇವೆ. ನೀವು ಬಟನ್ ಒತ್ತಿದರೆ ಸದ್ದನ್ನು 10 ಡೆಸಿಬೆಲ್ ಇಳಿಸುತ್ತೇವೆ, ಒತ್ತದಿದ್ದರೆ 5 ಏರಿಸುತ್ತೇವೆ. ಹೀಗೆ ಇಳಿಸಿ ಏರಿಸಿ ನಿಮಗೆ ಕೇಳಿಸುವ ಅತಿ ಸಣ್ಣ ಸದ್ದನ್ನು ಹುಡುಕುತ್ತೇವೆ. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ. "ಕೇಳಿಸ್ತು ಅನ್ನಿಸ್ತು ಮೇಡಂ, ಆದ್ರೆ ಗ್ಯಾರಂಟಿ ಇರಲಿಲ್ಲ, ಅದ್ಕೇ ಒತ್ತಲಿಲ್ಲ." ಆ ಗ್ಯಾರಂಟಿ ಇಲ್ಲದ ಸದ್ದೇ ನಮಗೆ ಬೇಕಾಗಿರುವುದು. ಅನುಮಾನ ಬಂದರೂ ಒತ್ತಿ.

ಆಮೇಲೆ ಹೆಡ್‌ಫೋನ್ ತೆಗೆದು, ಕಿವಿ ಹಿಂದಿನ ಮೂಳೆಯ ಮೇಲೆ ಬೆಂಕಿಪೊಟ್ಟಣಕ್ಕಿಂತ ಸಣ್ಣ ಅದುರುಗವನ್ನು ಪಟ್ಟಿಯಿಂದ ಬಿಗಿಯುತ್ತೇವೆ. ಇದರ ಸದ್ದು ತಮಟೆಯನ್ನಾಗಲಿ, ಮೂರು ಪುಟ್ಟ ಮೂಳೆಗಳನ್ನಾಗಲಿ ಕಾಯದೆ ತಲೆಬುರುಡೆಯ ಮೂಲಕ ಸೀದಾ ಒಳಗಿವಿಗೆ ಹೋಗುತ್ತದೆ. ಮೂಳೆಯ ಗೆರೆ ಬರುವುದು ಇದರಿಂದ. ಹಾಳೆಯಲ್ಲಿ ಗೆರೆ ಕೆಳಗಿಳಿದಷ್ಟೂ, ಅಂದರೆ ಡೆಸಿಬೆಲ್ ಅಂಕಿ ಹೆಚ್ಚಿದಷ್ಟೂ, ಕೇಳುವಿಕೆ ಕಡಿಮೆ. ಗಾಳಿಯ ಗೆರೆ ಕೆಳಗಿದ್ದು ಮೂಳೆಯ ಗೆರೆ ಮೇಲೆ ಚೆನ್ನಾಗಿದ್ದರೆ ತೊಂದರೆ ನಡುಗಿವಿಯದು, ಆಪರೇಷನ್‌ನಿಂದ ಕೇಳುವಿಕೆ ಸುಧಾರಿಸುವ ಆಸೆ ಉಂಟು. ಎರಡೂ ಒಟ್ಟಿಗೆ ಕೆಳಗಿದ್ದರೆ ಒಳಗಿವಿಯೇ ಸೋತಿದೆ, ಎಂಥ ತೇಪೆ ಹಾಕಿದರೂ ಕೇಳುವಿಕೆ ವಾಪಸ್ ಬರುವುದಿಲ್ಲ. ಎರಡೂ ಕೆಳಗಿದ್ದು ನಡುವೆ ಅಂತರವೂ ಇದ್ದರೆ ಮಿಕ್ಸೆಡ್ ಅಂತ ಬರೆಯುತ್ತೇವೆ.

ಇಲ್ಲೊಂದು ಮೋಸ ಇದೆ. ಬುರುಡೆಗೆ ಬಲ ಎಡ ಅನ್ನುವ ಭೇದ ಗೊತ್ತಿಲ್ಲ. ಎಡಗಡೆ ಇಟ್ಟ ಅದುರುಗದ ಸದ್ದು ಹೆಚ್ಚುಕಡಿಮೆ ಅಷ್ಟೇ ಜೋರಾಗಿ ಬಲಗಿವಿಗೂ ಮುಟ್ಟುತ್ತದೆ. ಅದಕ್ಕೇ ಚೆನ್ನಾಗಿರುವ ಕಿವಿಗೆ ಮಳೆ ಸುರಿದಂಥ ಶೂ ಸದ್ದು ಕೊಟ್ಟು ಅದನ್ನು ಬೇರೆ ಕೆಲಸಕ್ಕೆ ಹಚ್ಚಿರುತ್ತೇವೆ. ಇದಕ್ಕೆ ಮಾಸ್ಕಿಂಗ್ ಅನ್ನುತ್ತಾರೆ.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಮುಳಬಾಗಿಲು ಕಡೆಯ ಒಬ್ಬ ಹೆಂಗಸಿಗೆ ಪರೀಕ್ಷೆ ಮಾಡಿದ್ದೆ. ಎಡಗಿವಿ ತಮಟೆಯಲ್ಲಿ ದೊಡ್ಡ ತೂತು. ಗಾಳಿಯಲ್ಲಿ 65 ಡೆಸಿಬೆಲ್ ಬಂತು, ಮೂಳೆಯಲ್ಲಿ 15. ಹೊರಗಡೆ ಇಪ್ಪತ್ತು ಜನ ಕಾಯುತ್ತಿದ್ದರು, ಮಾಸ್ಕಿಂಗ್ ಸರಿಯಾಗಿ ಮಾಡಲಿಲ್ಲ. 50ರ ಅಂತರ ನೋಡಿ, ಈಯಮ್ಮನಿಗೆ ತೇಪೆ ಹಾಕಿದರೆ ಚೆನ್ನಾಗಿ ಕೇಳಿಸುತ್ತೆ ಅಂದುಕೊಂಡು ಹಾಳೆ ಕಳಿಸಿದೆ. ಅರ್ಧ ಗಂಟೆಗೆ ಹಾಳೆ ವಾಪಸ್ ಬಂತು, ಜತೆಗೆ ಡಾಕ್ಟರೂ ಬಂದರು. 512 ಹರ್ಟ್ಸ್‌ನ ಟ್ಯೂನಿಂಗ್ ಫೋರ್ಕನ್ನು ಮೊಣಕೈಗೆ ತಟ್ಟಿ ಆಕೆಯ ಹಣೆ ಮಧ್ಯೆ ಇಟ್ಟರು. "ಯಾವ ಕಡೆ ಕೇಳಿಸ್ತದಮ್ಮಾ?" ಆಕೆ ಬಲಗಿವಿ ತೋರಿಸಿದರು. ತೂತಿರುವ ಕಿವಿಯಲ್ಲಿ ಒಳಗಿವಿ ಜೀವಂತ ಇದ್ದಿದ್ದರೆ ಸದ್ದು ಎಡಗಡೆಗೇ ಎಳೆಯಬೇಕಿತ್ತು. ಮತ್ತೆ ಕೂರಿಸಿ ಸರಿಯಾಗಿ ಮಾಸ್ಕಿಂಗ್ ಕೊಟ್ಟೆ. ಎಡಗಡೆ ಏನೂ ಇಲ್ಲ. ನಾನು ಬರೆದಿದ್ದು ಬಲಗಿವಿಯ ನೆರಳು. ಏಳನೇ ವಯಸ್ಸಿನಲ್ಲಿ ಮಂಗನಬಾವು ಬಂದಿತ್ತು ಅಂತ ಆಕೆ ಆಗ ಹೇಳಿದರು. ನಾನು ಕೇಳಿರಲಿಲ್ಲ. ಕಿವಿ ಸೋರುವುದು ನಿಲ್ಲಲಿ ಅಂತ ಆಪರೇಷನ್ ಆಮೇಲೆ ಆಯಿತು, ಕೇಳಿಸುತ್ತೆ ಅನ್ನುವ ಮಾತು ಮಾತ್ರ ಯಾರೂ ಕೊಡಲಿಲ್ಲ.

ಆದ್ದರಿಂದ ಹಾಳೆ ಕೈಗೆ ಬಂದಾಗ ಎರಡು ಪ್ರಶ್ನೆ ಕೇಳಿ. ಮೂಳೆ ಪರೀಕ್ಷೆಗೆ ಮಾಸ್ಕಿಂಗ್ ಮಾಡಿದ್ದೀರಾ? ಟ್ಯೂನಿಂಗ್ ಫೋರ್ಕ್ ಹೇಳುವುದೂ ಇದೂ ಹೊಂದುತ್ತಾ? ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ಮಾಡಿಕೊಂಡರೂ ಪರವಾಗಿಲ್ಲ.

ಮಾತಿನ ಪರೀಕ್ಷೆ ಯಾವ ಭಾಷೆಯಲ್ಲಿ?

ಶ್ರುತಿ ಕೇಳಿಸಿದರೆ ಮಾತು ತಿಳಿಯುತ್ತದೆ ಅಂತೇನಿಲ್ಲ. ಒಳಗಿವಿ ಎಷ್ಟು ಸ್ಪಷ್ಟವಾಗಿ ಕೆಲಸ ಮಾಡುತ್ತಿದೆ ಅಂತ ನೋಡಲು ಪದಗಳನ್ನು ಕೇಳಿಸಿ ವಾಪಸ್ ಹೇಳಿಸುತ್ತೇವೆ. ಸಾಮಾನ್ಯವಾಗಿ 25 ಪದ, ಒಂದಕ್ಕೆ 4 ಅಂಕ. ಕನ್ನಡದ ಪದಪಟ್ಟಿಗಳು ಸಿದ್ಧವಾಗಿವೆ. ಆದರೆ ನಮ್ಮ ಕೋಲಾರ, ಚಿಂತಾಮಣಿ, ಬಾಗೇಪಲ್ಲಿ ಕಡೆ ಅರ್ಧ ಮನೆಗಳಲ್ಲಿ ಒಲೆ ಮುಂದಿನ ಮಾತು ತೆಲುಗು. ಡಾಕ್ಟರ ಹತ್ತಿರ ಕನ್ನಡದಲ್ಲಿ ಮಾತಾಡುತ್ತಾರೆ ಅಂತ ಕನ್ನಡ ಪಟ್ಟಿ ಕೊಟ್ಟರೆ ಅಂಕ ಕಡಿಮೆ ಬರಬಹುದು, ಆ ತಪ್ಪು ಒಳಗಿವಿಯ ತಲೆಗೆ ಬೀಳುತ್ತದೆ. ಮನೆಯಲ್ಲಿ ಏನು ಮಾತಾಡುತ್ತೀರಿ ಅನ್ನುವುದನ್ನು ಮೊದಲೇ ಹೇಳಿ. ಯಾವ ಭಾಷೆಯ ಪಟ್ಟಿ, ಎಷ್ಟು ಡೆಸಿಬೆಲ್‌ನಲ್ಲಿ ಅಂತ ಹಾಳೆ ಮೇಲೆ ಬರೆಸಿಕೊಳ್ಳಿ. ಆಪರೇಷನ್ ಆದಮೇಲೂ ಅದೇ ಭಾಷೆ ಇರಬೇಕು.

ಇಂಪೀಡೆನ್ಸ್ ನಡುಗಿವಿಯ ಒತ್ತಡ ನೋಡುವ ಪರೀಕ್ಷೆ, ಒಳಗಿವಿಯದ್ದಲ್ಲ. ಓಎಇ ಒಳಗಿವಿಯ ಹೊರ ಕೂದಲು ಕೋಶಗಳು ತಾವೇ ಹೊರಡಿಸುವ ಸಣ್ಣ ಸದ್ದನ್ನು ಹಿಡಿಯುತ್ತದೆ. ಇದನ್ನು 1978ರಲ್ಲಿ ಡೇವಿಡ್ ಕೆಂಪ್ ತೋರಿಸಿಕೊಟ್ಟರು. ಆ ಸದ್ದು ನಡುಗಿವಿ ದಾಟಿಯೇ ಹೊರಗೆ ಬರಬೇಕು. ತಮಟೆ ತೂತಾಗಿದ್ದರೆ, ಕೀವು ತುಂಬಿದ್ದರೆ ಬರುವುದಿಲ್ಲ. ಆಪರೇಷನ್ ಚೆನ್ನಾಗಿ ಆದಮೇಲೂ ಎಷ್ಟೋ ಸಲ ಬರುವುದಿಲ್ಲ. ಹಾಗಾಗಿ ಓಎಇ ಇಲ್ಲ ಅಂತ ಬಂದರೆ ಒಳಗಿವಿ ಹೋಯಿತು ಅಂದುಕೊಂಡು ರಾತ್ರಿ ನಿದ್ದೆ ಕೆಡಿಸಿಕೊಳ್ಳಬೇಡಿ.

ತಲೆಸುತ್ತಿನ ಕಡೆ

ಒಳಗಿವಿಗೆ ಎರಡು ಕೆಲಸ. ಕೇಳಿಸುವುದು ಒಂದು, ಮೈಯ ಸಮತೋಲ ಇನ್ನೊಂದು. ಮೂರು ಅರ್ಧವೃತ್ತದ ಕೊಳವೆಗಳು ತಲೆ ತಿರುಗುವುದನ್ನು ಅಳೆಯುತ್ತವೆ. ಇವುಗಳಲ್ಲಿ ಒಂದು ನಡುಗಿವಿಯ ಗೋಡೆಯಲ್ಲೇ ಉಬ್ಬಿ ನಿಂತಿದೆ. ಕೊಲೆಸ್ಟಿಯಾಟೋಮ ಅನ್ನುವ ಚರ್ಮದ ಗೆಡ್ಡೆ ಮೂಳೆ ತಿನ್ನುತ್ತಾ ಹೋಗಿ ಅಲ್ಲಿಗೇ ತೂತು ಮಾಡಬಹುದು. ಕಿವಿ ಸೋರುವವರು ಕಿವಿಯ ಮುಂದಿನ ಗುಬುಟನ್ನು ಒತ್ತಿದಾಗ ಅಥವಾ ಜೋರಾಗಿ ಸೀನಿದಾಗ ಮನೆ ಗಿರ್ರನೆ ತಿರುಗಿದಂತಾದರೆ ಆಪರೇಷನ್‌ಗೆ ಮುಂಚೆಯೇ ಸರ್ಜನ್‌ಗೆ ಹೇಳಿ. ಅವರು ಕೈ ಇಡುವ ರೀತಿಯೇ ಬದಲಾಗುತ್ತದೆ.

ಹಳೇ ಪರೀಕ್ಷೆ ಅಂದರೆ ಕೆಲೋರಿಕ್. 30 ಮತ್ತು 44 ಡಿಗ್ರಿ ಸೆಲ್ಸಿಯಸ್ ನೀರನ್ನು ಕಿವಿಗೆ ಬಿಟ್ಟು ಕಣ್ಣು ಕುಣಿಯುವುದನ್ನು ನೋಡುತ್ತಾರೆ. ಇದರ ಗುಟ್ಟು ಬಿಡಿಸಿದ ರಾಬರ್ಟ್ ಬಾರಾನಿಗೆ 1914ರ ನೊಬೆಲ್ ಬಂತು. ಆದರೆ ತಮಟೆ ತೂತಿರುವ ಕಿವಿಗೆ ನೀರು ಬಿಡಬಾರದು. ಮಾಸ್ಟಾಯ್ಡ್ ಕೊರೆದು ತೆರೆದಿಟ್ಟ ಕಿವಿಯಲ್ಲಿ ಶಾಖ ಬೇರೆ ದಾರಿಯಲ್ಲಿ ಒಳಗೆ ಹೋಗುವುದರಿಂದ ಮುಂಚಿನ ಅಂಕಿಗೂ ಆಮೇಲಿನ ಅಂಕಿಗೂ ಹೋಲಿಕೆ ಕೂಡುವುದಿಲ್ಲ.

ಅದಕ್ಕೆ ನನಗೆ ಇಷ್ಟವಾದದ್ದು ವಿಹಿಟ್. ಕ್ಯಾಮರಾ ಇರುವ ಬಿಗಿ ಕನ್ನಡಕ ಹಾಕಿ, ಗೋಡೆಯ ಮೇಲಿನ ಚುಕ್ಕೆಯನ್ನೇ ನೋಡಿ ಅನ್ನುತ್ತಾರೆ. ಹಿಂದೆ ನಿಂತವರು ನಿಮ್ಮ ತಲೆಯನ್ನು ಚಟಕ್ಕನೆ ಸ್ವಲ್ಪವೇ ತಿರುಗಿಸುತ್ತಾರೆ. ಕೊಳವೆ ಸರಿಯಿದ್ದರೆ ಕಣ್ಣು ಚುಕ್ಕೆ ಬಿಡುವುದಿಲ್ಲ, ಕೆಟ್ಟಿದ್ದರೆ ಜಾರಿ ಆಮೇಲೆ ಹಾರಿ ಹಿಡಿಯುತ್ತದೆ. ತಮಟೆ ತೂತಿದ್ದರೂ, ಬತ್ತಿ ತುರುಕಿದ್ದರೂ ಇದಕ್ಕೆ ಅಡ್ಡಿಯಿಲ್ಲ. ಕತ್ತಿನ ಸವೆತ ಇರುವವರು ಮೊದಲೇ ಹೇಳಬೇಕು. ಈ ಉಪಕರಣ ಎಲ್ಲ ಊರಲ್ಲೂ ಸಿಗುವುದಿಲ್ಲ, ಎಲ್ಲರಿಗೂ ಬೇಕಾಗಿಯೂ ಇಲ್ಲ. ಮೊದಲೇ ತಲೆಸುತ್ತು ಇರುವವರಿಗೆ, ಇನ್ನೊಂದು ಕಡೆಯ ಒಳಗಿವಿ ಆಗಲೇ ಸೋತಿರುವವರಿಗೆ, ಕಾಕ್ಲಿಯರ್ ಇಂಪ್ಲಾಂಟ್ (ಕಾಕ್ಲಿಯಾದೊಳಗೆ ಕೂರಿಸುವ ಕೇಳುವ ಉಪಕರಣ) ಆಗುವವರಿಗೆ ಮಾಡಿಸಿದರೆ ಒಳ್ಳೆಯದು.

ತಲೆಸುತ್ತಿನ ಪರೀಕ್ಷೆಗಳಿಗೆ ಮುಂಚೆ ಸಿನಾರಿಜೈನ್ ಥರದ ಸುತ್ತು ತಡೆಯುವ ಮಾತ್ರೆಗಳನ್ನು ಸಾಮಾನ್ಯವಾಗಿ 48 ಗಂಟೆ ನಿಲ್ಲಿಸಲು ಹೇಳುತ್ತಾರೆ. ನಿಲ್ಲಿಸುವುದು ವೈದ್ಯರು ಹೇಳಿದವನ್ನು ಮಾತ್ರ. ಬಿಪಿ, ಸಕ್ಕರೆ, ಫಿಟ್ಸ್ ಮಾತ್ರೆಗೆ ನೀವಾಗಿ ಕೈಹಾಕಬೇಡಿ. ವಾಪಸ್ ಹೋಗುವಾಗ ಬೈಕ್ ಓಡಿಸಬೇಡಿ, ಮನೆಯವರೊಬ್ಬರು ಜತೆಗಿರಲಿ.

ಆಪರೇಷನ್ ಆದ ದಿನ, ಮಾರನೇ ದಿನ

ಕಿವಿ ತುಂಬಾ ಬತ್ತಿ, ತಲೆಗೆ ಪಟ್ಟಿ. ಏನೂ ಕೇಳಿಸುವುದಿಲ್ಲ, ಕೇಳಿಸಬಾರದು ಕೂಡ. ಆಡಿಯೋಗ್ರಾಮ್ ಮಾಡುವ ಹೊತ್ತು ಅಲ್ಲ. ಆದರೆ ಒಳಗಿವಿ ಬದುಕಿದೆಯಾ ಅಂತ ನೋಡಲು ಸರ್ಜನ್ ಮತ್ತದೇ ಟ್ಯೂನಿಂಗ್ ಫೋರ್ಕ್ ಹಣೆಗೆ ಇಡುತ್ತಾರೆ. ಕಣ್ಣು ಕುಣಿಯುತ್ತಿದೆಯಾ, ನಗಿಸಿದರೆ ಬಾಯಿ ಎರಡೂ ಕಡೆ ಸಮ ಏಳುತ್ತದಾ ಅಂತಲೂ ನೋಡುತ್ತಾರೆ.

ಇದನ್ನು ಮನೆಯಲ್ಲೂ ಒಂದು ಮಟ್ಟಿಗೆ ನೋಡಿಕೊಳ್ಳಬಹುದು. ಈಗಲೇ ಒಂದು ಕಿವಿಯನ್ನು ಬೆರಳಿಂದ ಮುಚ್ಚಿ ಬಾಯಿಮುಚ್ಚಿಕೊಂಡು "ಹ್ಮ್ಂ" ಅಂತ ಗುನುಗಿ. ಸದ್ದು ಮುಚ್ಚಿದ ಕಿವಿಯಲ್ಲೇ ಗುಂಯ್ಗುಟ್ಟುತ್ತದೆ ಅಲ್ಲವೇ? ಬತ್ತಿ ತುಂಬಿದ ಕಿವಿಯೂ ಹಾಗೇ. ಆಪರೇಷನ್ ಆದ ಕಡೆಯೇ ಗುನುಗು ಜೋರಾಗಿ ಕೇಳಿಸಿದರೆ ಒಳಗಿವಿ ಉತ್ತರ ಕೊಡುತ್ತಿದೆ. ಮೊದಲು ಅಲ್ಲಿ ಕೇಳಿಸುತ್ತಿದ್ದದ್ದು ಇದ್ದಕ್ಕಿದ್ದಂತೆ ಇನ್ನೊಂದು ಕಡೆಗೆ ಜಾರಿದರೆ ಕಾಯಬೇಡಿ, ಫೋನ್ ಮಾಡಿ. ಇದು ಪರೀಕ್ಷೆಗೆ ಬದಲಿಯಲ್ಲ, ಬಾಗಿಲು ತಟ್ಟುವ ಸದ್ದು ಅಂದುಕೊಳ್ಳಿ.

ಸ್ಟೇಪಿಸ್ ಆಪರೇಷನ್ ಆದವರಿಗೆ ಎರಡು ಮೂರು ದಿನ ತೂಗಾಡಿದಂತೆ ಆಗುವುದು ಸಹಜ, ದಿನಕ್ಕೆ ದಿನ ಅದು ಇಳಿಯಬೇಕು. ಇಳಿಯುತ್ತಿದ್ದದ್ದು ಮತ್ತೆ ಏರಿದರೆ, ಮನೆಯೇ ತಿರುಗಿ ವಾಂತಿಯಾದರೆ, ಕಿವಿಯಲ್ಲಿ ಹೊಸದಾಗಿ ಜೋರು ಮೊರೆತ ಶುರುವಾದರೆ, ಮುಖ ಸೊಟ್ಟಗಾದರೆ, ಅವತ್ತೇ ಹೊರಡಬೇಕು. ಸೋಮವಾರ ಒಪಿಡಿ ಇರುತ್ತೆ, ಅವತ್ತು ಹೋಗೋಣ ಅನ್ನಬೇಡಿ. ಒಳಗಿವಿ ಪೆಟ್ಟು ತಿಂದಾಗ ಕೊಡುವ ಸ್ಟೀರಾಯ್ಡ್ ಮೊದಲ ದಿನಗಳಲ್ಲೇ ಕೊಟ್ಟರೆ ಉಪಯೋಗ. ಒಂದಿಷ್ಟು ದಿನ ನಾಲಿಗೆಯ ಒಂದು ಬದಿ ಸಪ್ಪೆ ಅನ್ನಿಸಿದರೆ ಅದು ನಡುಗಿವಿ ದಾಟಿ ಹೋಗುವ ರುಚಿಯ ನರದ್ದು, ಒಳಗಿವಿಗೂ ಅದಕ್ಕೂ ಸಂಬಂಧವಿಲ್ಲ.

ಎರಡು ಹಾಳೆ ಅಕ್ಕಪಕ್ಕ

ಮೊದಲ ಆಡಿಯೋಗ್ರಾಮ್ ಸಾಮಾನ್ಯವಾಗಿ 6ರಿಂದ 8 ವಾರಕ್ಕೆ, ಆಮೇಲೆ 3 ತಿಂಗಳು, 1 ವರ್ಷ. ಸಾಧ್ಯವಾದರೆ ಅದೇ ಕಡೆ, ಅದೇ ಮಷಿನ್. ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್ ಆಗಿರಬೇಕು, ಅಂಟಿಸಿದ ಚೀಟಿಯಲ್ಲಿ ತಾರೀಕು ಇರುತ್ತದೆ. ತೇಪೆ ಹಾಕಿದ ಕಿವಿಗೆ ಇಂಪೀಡೆನ್ಸ್ ಮಾಡಬೇಕೆಂದರೆ ಸರ್ಜನ್ ಒಪ್ಪಿಗೆ ಬೇಕು, ಅದು ಗಾಳಿಯ ಒತ್ತಡ ಕೊಡುವ ಪರೀಕ್ಷೆ.

ಈಗ ಒಂದು ಲೆಕ್ಕ. ಮುಂಚೆ ಗಾಳಿಯಲ್ಲಿ 55, ಮೂಳೆಯಲ್ಲಿ 20 ಇತ್ತು ಅಂದುಕೊಳ್ಳಿ. ಆಪರೇಷನ್ ಆದಮೇಲೆ ಒಬ್ಬರಿಗೆ ಗಾಳಿ 30, ಮೂಳೆ 20. ಇನ್ನೊಬ್ಬರಿಗೆ ಗಾಳಿ 40, ಮೂಳೆ 35. ಎರಡನೆಯವರಿಗೂ 15 ಡೆಸಿಬೆಲ್ ಚೆನ್ನಾಗಿ ಕೇಳಿಸುತ್ತಿದೆ, ಅವರಿಗೆ ಖುಷಿ. ಗಾಳಿ ಮೂಳೆಗಳ ಅಂತರ ಬರೀ 5, ಕಾಗದದ ಮೇಲೆ ಆಪರೇಷನ್ ಬಲು ಸೊಗಸು. ಆದರೆ ಒಳಗಿವಿ 15 ಡೆಸಿಬೆಲ್ ಕಳೆದುಕೊಂಡಿದೆ. ಮುಂಚಿನ ಹಾಳೆ ಇಲ್ಲದೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಅಂತರ ಎಷ್ಟು ಮುಚ್ಚಿತು ಅಂತ ಮಾತ್ರ ಹೇಳಿ ಕಳಿಸುವುದನ್ನು ನಾನು ಒಪ್ಪುವುದಿಲ್ಲ.

5 ಡೆಸಿಬೆಲ್ ವ್ಯತ್ಯಾಸವನ್ನು ವ್ಯತ್ಯಾಸ ಅನ್ನಬೇಡಿ, ಒಂದೇ ದಿನ ಎರಡು ಸಲ ಮಾಡಿದರೂ ಅಷ್ಟು ಬರುತ್ತದೆ. ಒಂದಕ್ಕಿಂತ ಹೆಚ್ಚು ಶ್ರುತಿಯಲ್ಲಿ ಗೆರೆ 10 ಡೆಸಿಬೆಲ್ ಅಥವಾ ಅದಕ್ಕಿಂತ ಜಾಸ್ತಿ ಕೆಳಗಿಳಿದಿದ್ದರೆ ಯಾಕೆ ಅಂತ ಕೇಳಿ. ಮೊದಲು ಏಟು ಬೀಳುವುದು ಮೇಲಿನ ಶ್ರುತಿಗಳಿಗೆ, ಆದ್ದರಿಂದ ಮೂಳೆಯಲ್ಲಿ 4000, ಗಾಳಿಯಲ್ಲಿ 6000 ಮತ್ತು 8000 ಖಾಲಿ ಬಿಟ್ಟಿಲ್ಲ ಅಂತ ನೋಡಿಕೊಳ್ಳಿ. ಎರಡೂ ಹಾಳೆಯಲ್ಲಿ ಇರಬೇಕು.

ಕೆಲವರ ಮೂಳೆಯ ಗೆರೆ 2000 ಹರ್ಟ್ಸ್ ಹತ್ತಿರ ಮುಂಚಿಗಿಂತ ಮೇಲೇರಿರುತ್ತದೆ. ಸತ್ತ ಕೋಶ ಎದ್ದು ಕೂತಿತು ಅಂತಲ್ಲ. ಸ್ಟೇಪಿಸ್ ಗಟ್ಟಿಯಾಗಿದ್ದಾಗ ಮೂಳೆಯ ಸದ್ದಿಗೂ ಅಲ್ಲಿ ಸ್ವಲ್ಪ ತಡೆಯಾಗುತ್ತದೆ, ಅದು ಬಿಡಿಸಿಕೊಂಡ ಮೇಲೆ ಗುಂಡಿ ತುಂಬುತ್ತದೆ. ಕಾರ್ಹಾರ್ಟ್ ನಾಚ್ ಅನ್ನುವುದು ಇದಕ್ಕೇ.

ಮಲಗಿ ಮಗ್ಗುಲು ಬದಲಿಸಿದಾಗ ಮಾತ್ರ ಕೆಲವು ಸೆಕೆಂಡು ಸುತ್ತು ಬರುತ್ತಿದ್ದರೆ ತಲೆ ತಿರುಗಿಸಿ ಮಲಗಿಸಿ ಕಣ್ಣು ನೋಡುವ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಮಾಡಿಸಿ. ಡ್ರಿಲ್‌ನ ಅದುರಿಗೆ ಒಳಗಿನ ಸುಣ್ಣದ ಹರಳು ಜಾರಿ ಹೀಗಾಗಬಹುದು, ತಲೆಯನ್ನು ಕ್ರಮವಾಗಿ ತಿರುಗಿಸಿಯೇ ಸರಿ ಮಾಡುತ್ತಾರೆ. ಎರಡನೇ ಕಿವಿಗೂ ಆಪರೇಷನ್ ಬೇಕಿದ್ದರೆ, ಮೊದಲ ಕಿವಿಯ ಮೂಳೆಯ ಗೆರೆ ನಿಂತಿದೆ ಅಂತ ಖಾತ್ರಿಯಾಗುವ ತನಕ ದಿನ ಗೊತ್ತು ಮಾಡಬೇಡಿ.

ಎಲ್ಲಿ ಮಾಡಿಸುವುದು

ಆಡಿಯೋಗ್ರಾಮ್‌ಗೆ ಬೆಂಗಳೂರು ಬಸ್ ಹತ್ತಬೇಕಿಲ್ಲ. ಕೋಲಾರದ ಎಸ್‌ಎನ್‌ಆರ್ ಜಿಲ್ಲಾಸ್ಪತ್ರೆ, ಟಮಕದ ದೇವರಾಜ ಅರಸು ವೈದ್ಯಕೀಯ ಕಾಲೇಜಿನ ಆಸ್ಪತ್ರೆ, ತುಮಕೂರು ಮತ್ತು ಚಿಕ್ಕಬಳ್ಳಾಪುರದ ಜಿಲ್ಲಾಸ್ಪತ್ರೆಗಳ ಇಎನ್‌ಟಿ ವಿಭಾಗದಲ್ಲಿ ಮೊದಲು ವಿಚಾರಿಸಿ. ಲೆಕ್ಕ ಹೊಂದದೇ ಇದ್ದಾಗ, ಇಬ್ಬರು ಎರಡು ಥರ ಹೇಳಿದಾಗ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ. 1965ರಿಂದ ಇದೇ ಕೆಲಸ ಅವರದು.

ಹಾಳೆಗಳನ್ನು ಮಾತ್ರ ಯಾರ ಫೈಲಿನಲ್ಲೂ ಬಿಡಬೇಡಿ. ಫೋಟೋ ತೆಗೆದು ಮನೆಯ ಇಬ್ಬರ ಮೊಬೈಲ್‌ಗೆ ಕಳಿಸಿ, ತಾರೀಕು ಕಾಣುವ ಹಾಗೆ. ಇಂಪೀಡೆನ್ಸ್ ಚೀಟಿ ಎಷ್ಟೋ ಕಡೆ ಬಸ್ ಟಿಕೆಟ್ ಥರದ ಕಾಗದದಲ್ಲಿ ಬರುತ್ತದೆ, ವರ್ಷದಲ್ಲಿ ಅಕ್ಷರ ಮಾಸುತ್ತದೆ, ಜೆರಾಕ್ಸ್ ಮಾಡಿಸಿಡಿ. ಜೋಪಾನವಾಗಿರಲಿ ಅಂತ ಲ್ಯಾಮಿನೇಷನ್‌ಗೆ ಕೊಡಬೇಡಿ. ಬಂಗಾರಪೇಟೆಯ ಅಜ್ಜನೊಬ್ಬರು ಕೊಟ್ಟಿದ್ದರು. ಮಷಿನ್ ಶಾಖಕ್ಕೆ ಚೀಟಿ ಪೂರ್ತಿ ಕಪ್ಪಾಗಿ, ಎರಡೂ ಕಡೆ ಪ್ಲಾಸ್ಟಿಕ್ ಹೊಳೆಯುತ್ತಾ ನನ್ನ ಮೇಜಿನ ಮೇಲೆ ಬಂತು.